ಮೈಸೂರಿನ ವಿದ್ಯಾರ್ಥಿಜೀವನ: ಛಾಯಾಚಿತ್ರದ ಸಾಕ್ಷ್ಯವೂ ಅದರ ಮಿತಿಯೂ

ಶಾಸನವನ್ನು ಓದುವುದಕ್ಕೆ ಲಿಪಿಜ್ಞಾನ ಬೇಕು, ಓಲೆಗರಿಯನ್ನು ಓದುವುದಕ್ಕೆ ಪಾಠಪರಿಷ್ಕರಣದ ಅಭ್ಯಾಸ ಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಛಾಯಾಚಿತ್ರವನ್ನು ಮಾತ್ರ ಕಣ್ಣಿದ್ದವರೆಲ್ಲರೂ ಓದಬಲ್ಲರೆಂದು ನಾವು ಭಾವಿಸಿಕೊಂಡಿದ್ದೇವೆ. ಆದುದರಿಂದಲೇ ನಮ್ಮ ಸಂಶೋಧನ ಗ್ರಂಥಗಳಲ್ಲಿ ಹಳೆಯ ಛಾಯಾಚಿತ್ರಗಳು ನಡುವೆ ಸೇರಿಸಿದ ನಾಲ್ಕು ನುಣುಪು ಹಾಳೆಗಳ ಅಲಂಕಾರವಾಗಿ ಬರುತ್ತವೆಯೇ ಹೊರತು ವಾದಕ್ಕೆ ಆಧಾರವಾಗಿ ಬರುವುದು ಅಪೂರ್ವ. ಮೈಸೂರು ನಗರದ ವಿದ್ಯಾರ್ಥಿಜೀವನವನ್ನು ನಿದರ್ಶನವಾಗಿ ಇಟ್ಟುಕೊಂಡು, ಛಾಯಾಚಿತ್ರವು ದೈನಂದಿನ ಬಾಳಿನ ವಿಷಯದಲ್ಲಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ವಿದ್ಯಾರ್ಥಿಜೀವನವೆಂದಾಗ ತರಗತಿ ಪರೀಕ್ಷೆಗಳಿಗಿಂತ ಹೆಚ್ಚಾಗಿ ಊಟ, ವಸತಿ, ಉಡುಪು, ಸಂಜೆಯ ತಿರುಗಾಟ ಇವುಗಳೇ ಇಲ್ಲಿ ನಮ್ಮ ಗಮನದಲ್ಲಿವೆ.

ಮೈಸೂರು ಅರಮನೆಯ ಊರೆಂದು ಪ್ರಸಿದ್ಧವಾದರೂ, ಅಷ್ಟೇ ನಿಜವಾಗಿ ಅದು ಕಾಲೇಜಿನ ಊರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೮೩೩ರಲ್ಲಿ ಆರಂಭವಾದ ಶಾಲೆ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ೧೮೮೧ರಲ್ಲಿ ಹುಡುಗಿಯರಿಗಾಗಿ ತೆರೆದ ಶಾಲೆ ಮಹಾರಾಣಿ ಕಾಲೇಜಿಗೆ ಮೂಲವಾಯಿತು. ೧೯೧೬ರ ಜುಲೈ ೨೭ರಂದು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ೧೯೬೦ರಲ್ಲಿ ಸ್ನಾತಕೋತ್ತರ ವಿಭಾಗಗಳು ಕುಕ್ಕರಹಳ್ಳಿ ಕೆರೆಯ ಆಚೆಯ ದಂಡೆಗೆ ಹೋಗಿ ಮಾನಸಗಂಗೋತ್ರಿ ಎನಿಸಿದವು. ಈ ತೇದಿಗಳು ಎಲ್ಲರಿಗೂ ತಿಳಿದವೇ. ಆದರೆ ಮಲೆನಾಡಿನಿಂದಲೋ ಹಾಸನದ ಕಡೆಯಿಂದಲೋ ಒಂದು ಟ್ರಂಕನ್ನು ಹೊತ್ತು ರೈಲಿನಿಂದ ಇಳಿದ ಹದಿನೇಳು ವರ್ಷದ ಹುಡುಗನಿಗೆ ಇವುಗಳಿಗಿಂತ ಮುಖ್ಯವಾದ ಪ್ರಶ್ನೆ ಒಂದಿತ್ತು: ಈ ರಾತ್ರಿ ಊಟ ಎಲ್ಲಿ?

ಈ ಪ್ರಶ್ನೆಗೆ ಊರು ಕೊಟ್ಟ ಉತ್ತರಗಳು ಒಂದಲ್ಲ, ಹಲವು. ಅವುಗಳಲ್ಲಿ ಎಲ್ಲವೂ ಎಲ್ಲರಿಗೂ ಸಲ್ಲುವಂಥವಾಗಿರಲಿಲ್ಲ. ಮೊದಲನೆಯದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆಯಲ್ಲಿ ಮಂಗಳವಾರ ಇನ್ನೊಂದು ಮನೆಯಲ್ಲಿ ಉಣ್ಣುತ್ತ ಓದುವ ಕ್ರಮ ಇದು. ಏಳು ಮನೆಗಳು ಸಿಕ್ಕದೆ ಐದೇ ಸಿಕ್ಕಿದರೆ ಉಳಿದ ಎರಡು ದಿನಗಳ ಗತಿಯೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಮನೆಯವರಿಗೆ ಸೂತಕ ಬಂದರೆ, ಊರಿಗೆ ಹೋದರೆ, ಹುಡುಗನಿಗೆ ಅಂದು ಉಪವಾಸ. ಇದು ಬಹುಮಟ್ಟಿಗೆ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಬ್ರಾಹ್ಮಣರ ಮನೆಗಳಲ್ಲಿ ದೊರೆಯುತ್ತಿದ್ದ ಅನುಕೂಲ. ವೀರಶೈವ ಮಠಗಳು ನಡೆಸಿದ ಉಚಿತ ಪ್ರಸಾದ ನಿಲಯಗಳು ಎರಡನೆಯ ಬಗೆಯವು. ಸುತ್ತೂರು ಮಠ ಮೈಸೂರಿನಲ್ಲಿ ನಡೆಸಿದ ನಿಲಯದ ಋಣವನ್ನು ನೆನೆಯುವ ಹಿರಿಯರು ಹಳೆಯ ಮೈಸೂರಿನ ಎಲ್ಲ ಜಿಲ್ಲೆಗಳಲ್ಲಿಯೂ ಇದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎದ್ದ ಜಾತಿಸಂಘಗಳು ತಂತಮ್ಮ ವಿದ್ಯಾರ್ಥಿ ನಿಲಯಗಳನ್ನು ತೆರೆದದ್ದು ಮೂರನೆಯದು. ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ೧೯೧೮ರಲ್ಲಿ ಮಿಲ್ಲರ್ ಸಮಿತಿ ನೇಮಕವಾದುದನ್ನೂ ಈ ನಿಲಯಗಳ ಬೆಳವಣಿಗೆಯನ್ನೂ ಜೊತೆಯಲ್ಲಿಟ್ಟು ನೋಡಿದರೆ, ಉದ್ಯೋಗದ ಪ್ರಶ್ನೆ ಮತ್ತು ಅನ್ನದ ಪ್ರಶ್ನೆ ಬೇರೆಬೇರೆ ಅಲ್ಲವೆಂಬುದು ಸ್ಪಷ್ಟವಾಗುತ್ತದೆ. ಹಣವಿದ್ದವರಿಗೆ ಕಾಲೇಜಿನ ಹಾಸ್ಟೆಲು, ಖಾಸಗಿ ಮೆಸ್ಸು, ಹೋಟೆಲು ಇದ್ದವು. ಅಸ್ಪೃಶ್ಯರೆನಿಸಿಕೊಂಡಿದ್ದ ಸಮುದಾಯಗಳ ಹುಡುಗನಿಗೆ ಮಾತ್ರ ತರಗತಿಯ ಬಾಗಿಲು ಕಾನೂನಿನಲ್ಲಿ ತೆರೆದ ಮೇಲೂ ಊರಿನ ಉಣ್ಣುವ ಮನೆಗಳ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಅವನಿಗೆಂದೇ ಪ್ರತ್ಯೇಕವಾಗಿ ಏರ್ಪಟ್ಟ ನಿಲಯಗಳೇ ಗತಿ.

ಇಷ್ಟನ್ನು ನಾವು ಬಲ್ಲೆವು. ಹೇಗೆ ಬಲ್ಲೆವು? ಆತ್ಮಕಥೆಗಳಿಂದ, ವರದಿಗಳಿಂದ, ಹಿರಿಯರ ಮಾತಿನಿಂದ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಶ್ರೀರಾಮಕೃಷ್ಣಾಶ್ರಮದ ವಾಸದ ಚಿತ್ರವನ್ನು ಕೊಡುತ್ತದೆ. ೧೯೯೬ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲಿ ಹಸಿವು ಮತ್ತು ಓದು ಒಂದನ್ನೊಂದು ಬಿಟ್ಟಿರುವ ಪುಟಗಳು ಕಡಮೆ. ಛಾಯಾಚಿತ್ರಗಳಿಂದ ಮಾತ್ರ ಇದರಲ್ಲಿ ಒಂದಂಶವನ್ನೂ ತಿಳಿಯಲಾಗದು. ವಾರಾನ್ನದ ಎಲೆಯ ಮುಂದೆ ಕುಳಿತ ವಿದ್ಯಾರ್ಥಿಯ ಚಿತ್ರವನ್ನು ಯಾರು ತೆಗೆದಾರು? ಅವನಾದರೂ ತೆಗೆಸಿಕೊಂಡಾನೆ?

ಹಾಗಾದರೆ ಯಾವ ಚಿತ್ರಗಳು ಉಳಿದಿವೆ? ಅತ್ಯಧಿಕವಾಗಿ ಉಳಿದಿರುವುದು ‘ಗ್ರೂಪ್ ಫೋಟೋ’. ಕಾಲೇಜಿನ ಸಂಘಗಳು, ಆಟದ ತಂಡಗಳು, ಹಾಸ್ಟೆಲುಗಳು, ಕೊನೆಯ ವರ್ಷದ ತರಗತಿಗಳು ಇವೆಲ್ಲವೂ ಪರೀಕ್ಷೆಗೆ ಮುಂಚೆ ಒಂದು ಮಧ್ಯಾಹ್ನ ಕಟ್ಟಡದ ಮೆಟ್ಟಿಲ ಮುಂದೆ ನೆರೆದು ತೆಗೆಸಿಕೊಂಡ ಚಿತ್ರಗಳು ಇವು. ಇವುಗಳ ರಚನೆ ನೂರು ವರ್ಷಗಳಲ್ಲಿ ಹೆಚ್ಚಾಗಿ ಬದಲಾಗಿಲ್ಲ. ನಡುವಿನ ಕುರ್ಚಿಯಲ್ಲಿ ಪ್ರಾಂಶುಪಾಲರು. ಅವರ ಎರಡು ಬದಿಗೆ ಹಿರಿತನಕ್ಕೆ ಅನುಸಾರವಾಗಿ ಅಧ್ಯಾಪಕರು. ಹಿಂದೆ ಬೆಂಚುಗಳ ಮೇಲೆ ನಿಂತ ಎರಡು ಮೂರು ಸಾಲು ವಿದ್ಯಾರ್ಥಿಗಳು. ಮುಂದೆ ಜಮಖಾನದ ಮೇಲೆ ಕಾಲು ಮಡಿಸಿ ಕುಳಿತ ಚಿಕ್ಕವರು. ಎರಡು ತುದಿಗಳಲ್ಲಿ, ಸಾಲಿಗೆ ಸೇರಿಯೂ ಸೇರದಂತೆ, ಪಟ್ಟಿ ಧರಿಸಿದ ಜವಾನರು. ಕೆಳಗೆ ರಟ್ಟಿನ ಮೇಲೆ ಅಂಟಿಸಿದ ಹೆಸರುಗಳ ಪಟ್ಟಿಯಲ್ಲಿ ಎಲ್ಲರ ಹೆಸರೂ ಪದವಿಗಳ ಸಮೇತ ಇರುತ್ತದೆ. ಜವಾನರ ಎಡೆಯಲ್ಲಿ ಬಹಳ ಸಲ ಅವರ ಕೆಲಸದ ಹೆಸರು ಮಾತ್ರ, ಇಲ್ಲವೆ ಖಾಲಿ. ಹಾಸ್ಟೆಲಿನ ಚಿತ್ರವಾದರೆ ಅಡಿಗೆಯವರು ಅದೇ ತುದಿಯಲ್ಲಿ, ಅಂದಿಗೆಂದು ಒಗೆದ ಪಂಚೆಯುಟ್ಟು, ಬರಿಮೈಯ ಮೇಲೆ ಒಂದು ವಸ್ತ್ರ ಹೊದ್ದು ನಿಂತಿರುತ್ತಾರೆ. ನಿಲಯದ ಅಡಿಗೆಮನೆಯ ಬಗೆಗೆ ಚಿತ್ರಗಳು ನಮಗೆ ಕೊಡುವ ಪ್ರತ್ಯಕ್ಷ ಸಾಕ್ಷ್ಯ ಬಹಳ ಕಡೆ ಇಷ್ಟೇ.

ಇನ್ನು ಇಂಥ ಚಿತ್ರವನ್ನು ಓದುವ ಬಗೆಗೆ ಬರೋಣ. ನಮ್ಮ ವಿದ್ಯಾರ್ಥಿಗಳು ಮೊದಲು ಮಾಡುವ ತಪ್ಪು ಬಣ್ಣಕ್ಕೆ ಸಂಬಂಧಿಸಿದ್ದು. ಕಪ್ಪು ಬಿಳುಪಿನ ಚಿತ್ರದಲ್ಲಿ ಕಪ್ಪಾಗಿ ಕಂಡದ್ದು ಕಪ್ಪಾಗಿಯೇ ಇತ್ತು, ಬಿಳಿಯದು ಬಿಳಿಯದೇ ಎಂದು ಅವರು ತಿಳಿಯುತ್ತಾರೆ. ಬೆಳ್ಳಿಯ ಲವಣಗಳು ಸ್ವಭಾವತಃ ನೀಲಿ ಮತ್ತು ನೇರಿಳೆ ಕಿರಣಗಳಿಗೆ ಮಾತ್ರ ಮಿಡಿಯತಕ್ಕವು. ಹಸುರಿಗೂ ಹಳದಿಗೂ ಬಹು ಮಂದ, ಕೆಂಪಿಗಂತೂ ಕುರುಡು. ೧೮೭೩ರಲ್ಲಿ ಜರ್ಮನಿಯ ವಿಜ್ಞಾನಿ ಫೋಗೆಲ್ ಕೆಲವು ವರ್ಣದ್ರವ್ಯಗಳನ್ನು ಬೆರಸಿದರೆ ಈ ಕುರುಡನ್ನು ಭಾಗಶಃ ನೀಗಬಹುದೆಂದು ಕಂಡುಹಿಡಿದನು. ಹಸುರಿಗೂ ಮಿಡಿಯುವ ಆರ್ಥೋಕ್ರೊಮ್ಯಾಟಿಕ್ ಫಲಕಗಳು ಆಗ ಬಂದವು. ಎಲ್ಲ ಬಣ್ಣಗಳಿಗೂ ಮಿಡಿಯುವ ಪ್ಯಾನ್‌ಕ್ರೊಮ್ಯಾಟಿಕ್ ಫಲಕಗಳು ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಇವನ್ನು ತೊಳೆಯಲು ಪೂರ್ಣ ಕತ್ತಲೆ ಬೇಕು. ಹಳೆಯ ಫಲಕಗಳಿಗಾದರೋ ಕೆಂಪು ದೀಪದ ಬೆಳಕು ಸಾಕು, ಕಣ್ಣಿನಿಂದ ನೋಡುತ್ತಲೇ ಕೆಲಸ ಮಾಡಬಹುದು. ಆದಕಾರಣ ಚಿಕ್ಕ ಸ್ಟುಡಿಯೋಗಳು ಹಳೆಯ ಬಗೆಯನ್ನು ಬೇಗ ಬಿಡಲಿಲ್ಲ.

ಈ ರಸಾಯನದ ವಿಷಯ ಸಾಹಿತ್ಯ ಚರಿತ್ರೆಗಳ ವಿದ್ಯಾರ್ಥಿಗೆ ಏಕೆ ಬೇಕೆಂದು ಕೇಳಬಹುದು. ಹಣೆಯ ಕುಂಕುಮ, ಕೆಂಪು ಅಂಚಿನ ಪಂಚೆ, ತಾಂಬೂಲದ ತುಟಿ ಇವೆಲ್ಲವೂ ಅಂಥ ಚಿತ್ರದಲ್ಲಿ ಕಪ್ಪಾಗುತ್ತವೆ. ತಿಳಿನೀಲಿಯ ಸೀರೆ ಬಿಳಿಯ ಸೀರೆಯಂತೆ ಕಾಣುತ್ತದೆ. ಅದನ್ನು ನೋಡಿ ಉಟ್ಟವಳು ವಿಧವೆಯೆಂದು ಬರೆದುಬಿಡುವ ಅಪಾಯ ಉಂಟು. ಮಾಧ್ವ ವಿದ್ಯಾರ್ಥಿಯ ಹಣೆಯ ಕರಿಯ ಅಂಗಾರವೂ ಸ್ಮಾರ್ತ ವಿದ್ಯಾರ್ಥಿಯ ಕೆಂಪು ಕುಂಕುಮವೂ ಒಂದೇ ವರ್ಣಕ್ಕೆ ಇಳಿಯುವುದರಿಂದ, ಆಕಾರದಿಂದ ಭೇದವನ್ನು ತಿಳಿಯಬೇಕೇ ಹೊರತು ಬಣ್ಣದಿಂದಲ್ಲ. ವಿಭೂತಿಯ ಪಟ್ಟೆಗಳೂ ನಾಮದ ಎರಡು ಬಿಳಿಯ ಗೆರೆಗಳೂ ಸ್ಪಷ್ಟವಾಗಿ ಉಳಿಯುತ್ತವೆ. ನಾಮದ ನಡುವಿನ ಕೆಂಪು ಗೆರೆ ಮಾತ್ರ ಕಪ್ಪಾಗಿ ಚರ್ಮದೊಡನೆ ಬೆರೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಮೈಬಣ್ಣ. ಕಂದು ವರ್ಣದ ಚರ್ಮದಲ್ಲಿ ಕೆಂಪು ಹಳದಿಗಳ ಅಂಶವೇ ಹೆಚ್ಚಾದುದರಿಂದ ಹಳೆಯ ಫಲಕ ಅದನ್ನು ಇದ್ದುದಕ್ಕಿಂತ ಬಹಳ ಕಪ್ಪಾಗಿ ತೋರಿಸುತ್ತದೆ. ಇದನ್ನು ಅರಿತ ಛಾಯಾಗ್ರಾಹಕ ನೆಗೆಟಿವ್‌ನ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಮುಖವನ್ನು ಬೆಳ್ಳಗೆ ಮಾಡುತ್ತಿದ್ದನು. ಹಣ ಕೊಟ್ಟವರ ಮುಖವನ್ನು ಮಾತ್ರ. ಗುಂಪಿನ ಚಿತ್ರದಲ್ಲಿ ನಡುವಿನ ಸಾಲಿನ ಮುಖಗಳು ತಿಳಿಯಾಗಿ, ತುದಿಯ ಮುಖಗಳು ಗಾಢವಾಗಿ ಕಂಡರೆ, ಆ ವ್ಯತ್ಯಾಸ ನಿಸರ್ಗದ್ದೋ ಪೆನ್ಸಿಲಿನದೋ ಎಂಬುದನ್ನು ಭೂತಕನ್ನಡಿ ಹಿಡಿದು ನೋಡಿಯೇ ನಿರ್ಣಯಿಸತಕ್ಕದ್ದು. ಜನಾಂಗ, ಜಾತಿ, ವರ್ಣಗಳ ವಿಷಯದಲ್ಲಿ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಆಡುವ ಮಾತುಗಳನ್ನು ನಾವು ಬಹು ಸಂಶಯದಿಂದ ಕಾಣುವುದು ಈ ಕಾರಣದಿಂದಲೇ.

ಎರಡನೆಯದು ಕಾಲದ ವಿಚಾರ. ಕ್ಯಾಮರಾ ಒಂದು ಕ್ಷಣವನ್ನು ಹಿಡಿಯುತ್ತದೆಂಬುದು ಈಚಿನ ಮಾತು. ಮರದ ದೊಡ್ಡ ಕ್ಯಾಮರಾದಲ್ಲಿ, ಕಟ್ಟಡದ ನೆರಳಿನಲ್ಲಿ, ಎಲ್ಲ ಸಾಲುಗಳೂ ಸ್ಪಷ್ಟವಾಗಿ ಬರಬೇಕೆಂದು ಮಸೂರದ ಕಿಂಡಿಯನ್ನು ಕಿರಿದುಮಾಡಿ ತೆಗೆಯುವಾಗ, ಛಾಯಾಗ್ರಾಹಕ ಮುಚ್ಚಳವನ್ನು ಕೈಯಿಂದ ತೆಗೆದು ಒಂದು ಎರಡು ಎಂದು ಎಣಿಸಿ ಮತ್ತೆ ಹಾಕುತ್ತಿದ್ದನು. ಅಷ್ಟು ಹೊತ್ತು ಯಾರೂ ಅಲುಗಬಾರದು. ಅಜ್ಜಂದಿರ ಮುಖಗಳೆಲ್ಲ ಗಂಟಿಕ್ಕಿಕೊಂಡಿವೆಯೆಂದು ಇಂದಿನವರು ನಗುತ್ತಾರೆ. ನಗುವನ್ನು ಎರಡು ಸೆಕೆಂಡು ಕದಲದೆ ನಿಲ್ಲಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಅವರು ಕನ್ನಡಿಯ ಮುಂದೆ ಪರೀಕ್ಷಿಸಿ ನೋಡಬಹುದು. ಅಂಥ ಚಿತ್ರದಲ್ಲಿ ಮಸುಕಾದ ಮುಖವೊಂದು ಕಂಡರೆ ಅದು ದೋಷವಲ್ಲ, ಬಹುಶಃ ಆ ಚಿತ್ರದಲ್ಲಿ ಜೀವಂತವಾದ ಅಂಶ ಅದೊಂದೇ.

ಮೂರನೆಯದು ಉಡುಪು. ಮುಚ್ಚುಕಾಲರಿನ ಕೋಟು, ಕಚ್ಚೆಪಂಚೆ, ಜರಿಯಂಚಿನ ಪೇಟ ಇವು ಕಾಲೇಜಿನ ಉಡುಪೆಂದು ಚಿತ್ರಗಳು ಹೇಳುತ್ತವೆ. ಇದು ನಿಜ, ಆದರೆ ಚಿತ್ರದ ದಿನದ ನಿಜ. ಕೋಟನ್ನು ಸ್ನೇಹಿತನಿಂದ ಎರವು ಪಡೆದವರುಂಟು. ಸ್ಟುಡಿಯೋಗಳಲ್ಲಿ ಗಿರಾಕಿಗಳಿಗಾಗಿ ಕೋಟು ಪೇಟಗಳು ಗೂಟದಲ್ಲಿ ಸಿದ್ಧವಾಗಿ ತೂಗುತ್ತಿದ್ದವು. ಹಿನ್ನೆಲೆಗೆ ಬರೆದ ಪರದೆ, ಹೂಕುಂಡ, ಮೇಜಿನ ಮೇಲೆ ಗಡಿಯಾರ, ಕೈಗೊಂದು ದಪ್ಪ ಪುಸ್ತಕ ಇವೂ ಸ್ಟುಡಿಯೋದವೇ. ಬೇರೆ ಬೇರೆ ಮನೆಗಳಿಂದ ಬಂದ ಚಿತ್ರಗಳಲ್ಲಿ ಅದೇ ಗಡಿಯಾರ ಅದೇ ಹೊತ್ತನ್ನು ತೋರಿಸುತ್ತಿರುವುದನ್ನು ಕಂಡುಹಿಡಿದ ವಿದ್ಯಾರ್ಥಿ ಸಂಶೋಧನೆಯ ಮೊದಲ ಪಾಠವನ್ನು ಕಲಿತಂತೆ. ಉಡುಪಿನ ಚರಿತ್ರೆಗೆ ಒಂದೊಂದು ಚಿತ್ರಕ್ಕಿಂತ ಒಂದೇ ಸಂಘದ ವರ್ಷವರ್ಷದ ಚಿತ್ರಗಳ ಸರಣಿ ಹೆಚ್ಚು ಉಪಯುಕ್ತ. ಇಂಥ ಸರಣಿ ದೊರೆತರೆ ಪೇಟಗಳು ಹೋಗಿ ಬರಿತಲೆಗಳು ಯಾವ ವರ್ಷದಲ್ಲಿ ಹೆಚ್ಚಾದವು, ಖಾದಿ ಟೋಪಿ ಯಾವಾಗ ಬಂದಿತು, ಷರಾಯಿ ಯಾವ ಸಾಲಿನಿಂದ ಯಾವ ಸಾಲಿಗೆ ಹಬ್ಬಿತು ಎಂಬುದನ್ನು ಎಣಿಸಿಯೇ ಹೇಳಬಹುದು. ೧೯೪೭ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆದು, ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಅವನ ಹೆಸರನ್ನು ನಗರದ ವೃತ್ತವೊಂದು ಹೊತ್ತಿದೆ. ಆ ಹಿಂದುಮುಂದಿನ ಹತ್ತು ವರ್ಷಗಳ ಚಿತ್ರಗಳಲ್ಲಿ ತಲೆಯುಡುಪನ್ನು ಎಣಿಸುವುದು ರಾಜಕೀಯ ಚರಿತ್ರೆಗೂ ಸಲ್ಲುವ ಕೆಲಸ.

ಈಗ ಅಡಿಗೆಮನೆಗೆ ಹಿಂದಿರುಗೋಣ. ಅದರ ಚಿತ್ರಗಳು ಏಕೆ ಇಲ್ಲ? ಬೆಳಕಿಲ್ಲದ್ದು ಒಂದು ಕಾರಣ. ಹೊಗೆಗೂಡಿನ ಕೆಳಗಿನ ಕತ್ತಲೆಯಲ್ಲಿ ಅಂದಿನ ಫಲಕಗಳು ಏನನ್ನೂ ಹಿಡಿಯಲಾರವು. ಮೆಗ್ನೀಸಿಯಮ್ ಪುಡಿಯನ್ನು ಉರಿಸಿ ಬೆಳಕು ಮಾಡಬಹುದಾಗಿದ್ದರೂ ಅದರ ಹೊಗೆ, ಬೂದಿಗಳನ್ನು ಅನ್ನದ ಪಾತ್ರೆಯ ಬಳಿ ಯಾರೂ ಒಪ್ಪರು. ಮಡಿ ಇನ್ನೊಂದು ಕಾರಣ. ಹೊರಗಿನವನು, ಅದರಲ್ಲಿಯೂ ಚರ್ಮದ ಚೀಲವನ್ನು ಹೊತ್ತವನು, ಒಳಗೆ ಕಾಲಿಡುವಂತಿರಲಿಲ್ಲ. ಆದರೆ ಬೆಳಕೂ ಮಡಿಯೂ ತೊಡಕಾಗದ ಕಡೆಗಳಲ್ಲಿಯೂ ಚಿತ್ರಗಳು ಅಪೂರ್ವವೆಂಬುದನ್ನು ಗಮನಿಸಿದರೆ ಮೂರನೆಯ ಕಾರಣವೇ ಬಲವಾದುದೆಂದು ತೋರುತ್ತದೆ: ನಿತ್ಯದ ಅಡಿಗೆ ಚಿತ್ರಕ್ಕೆ ಯೋಗ್ಯವೆಂದು ಯಾರಿಗೂ ಅನಿಸಿರಲಿಲ್ಲ. ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆ ಸ್ಥಾಪಿತವಾದದ್ದು ೧೮೮೫ರಲ್ಲಿ, ಆರ್. ನರಸಿಂಹಾಚಾರ್ಯರ ಮತ್ತು ಅನಂತರ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರೂ ಆಗಿದ್ದ ಎಂ. ಎಚ್. ಕೃಷ್ಣ ಅವರ ಕಾಲದ ವಾರ್ಷಿಕ ವರದಿಗಳಲ್ಲಿ ಹೊಯ್ಸಳ ದೇವಾಲಯಗಳ ಚಿತ್ರಫಲಕಗಳನ್ನು ನಾವು ಇಂದಿಗೂ ಕೃತಜ್ಞತೆಯಿಂದ ನೋಡುತ್ತೇವೆ. ಎಂಟುನೂರು ವರ್ಷದ ಹಿಂದಿನ ಮದನಿಕೆಯ ಬೆರಳಿನ ಉಂಗುರ ನಮಗೆ ಗೊತ್ತು. ಎಂಬತ್ತು ವರ್ಷದ ಹಿಂದೆ ಅದೇ ಊರಿನ ಹಾಸ್ಟೆಲಿನಲ್ಲಿ ಹುಳಿ ಕುದಿಸುತ್ತಿದ್ದ ಪಾತ್ರೆ ಹೇಗಿತ್ತೆಂಬುದು ಗೊತ್ತಿಲ್ಲ.

ಊಟದ ಚಿತ್ರಗಳೇ ಇಲ್ಲವೆಂದಲ್ಲ. ಮದುವೆಯ ಪಂಕ್ತಿ, ನಿಲಯದ ವಾರ್ಷಿಕೋತ್ಸವದ ಔತಣ ಇವುಗಳ ಚಿತ್ರಗಳು ಉಂಟು: ಉದ್ದನೆಯ ಸಾಲಿನಲ್ಲಿ ಬಾಳೆಯೆಲೆ, ಎಲೆಯ ತುದಿಯಲ್ಲಿ ಕೋಸಂಬರಿ ಪಲ್ಯಗಳು, ಬಡಿಸುವವನ ಕೈಯ ಬಕೆಟ್ಟು. ಇವು ಹಬ್ಬದ ಚಿತ್ರಗಳು. ನಿತ್ಯದಲ್ಲಿ ಮುತ್ತುಗದ ಎಲೆಯೋ ತಟ್ಟೆಯೋ ಇದ್ದುದನ್ನು, ಪಾಯಸದ ಜಾಗದಲ್ಲಿ ನೀರು ಮಜ್ಜಿಗೆ ಇದ್ದುದನ್ನು ಅವು ಹೇಳುವುದಿಲ್ಲ. ಸಾಮಾನ್ಯವಾಗಿ ಕ್ಯಾಮರಾ ದಾಖಲಿಸುವುದು ಅಪವಾದವನ್ನು. ಅಪವಾದಗಳನ್ನು ಮಾತ್ರ ಸೇರಿಸಿ ನಿಯಮವನ್ನು ಬರೆಯಹೊರಟರೆ ಹಳೆಯ ಮೈಸೂರಿನಲ್ಲಿ ಎಲ್ಲರೂ ಪ್ರತಿದಿನ ಜರಿಪೇಟ ಧರಿಸಿ ಹೋಳಿಗೆ ಉಣ್ಣುತ್ತಿದ್ದರೆಂಬ ಸುಂದರವಾದ ಚರಿತ್ರೆ ಸಿದ್ಧವಾಗುತ್ತದೆ. ಅಂಥ ಪುಸ್ತಕಗಳು ಈಗಾಗಲೇ ಸಾಕಷ್ಟು ಇವೆ.

ನಿಯಮವನ್ನು ತಿಳಿಯಲು ಉತ್ತಮವಾದ ಆಕರ ಮೆಸ್ಸಿನ ಲೆಕ್ಕದ ಪುಸ್ತಕ. ತಿಂಗಳ ಒಟ್ಟು ಖರ್ಚನ್ನು ಉಂಡ ಊಟಗಳ ಸಂಖ್ಯೆಯಿಂದ ಭಾಗಿಸಿ ಪ್ರತಿಯೊಬ್ಬನ ಪಾಲನ್ನು ಗೊತ್ತುಮಾಡುವ ಪದ್ಧತಿ ಅನೇಕ ನಿಲಯಗಳಲ್ಲಿ ರೂಢಿಯಲ್ಲಿತ್ತು. ಡಿವೈಡಿಂಗ್ ಪದ್ಧತಿ ಎಂಬ ಅದರ ಹೆಸರು ಇಂದಿನ ವಿದ್ಯಾರ್ಥಿಗಳಿಗೂ ಪರಿಚಿತ. ಈ ಪದ್ಧತಿಯ ಕೃಪೆಯಿಂದ ಅಕ್ಕಿ, ಬೇಳೆ, ಹುಣಸೆ, ಮೆಣಸಿನಕಾಯಿ, ಸೌದೆ, ಸೀಮೆಎಣ್ಣೆ, ಎಲೆ ಇವೆಲ್ಲವೂ ದಿನವಹಿಯಾಗಿ ಬರೆಯಲ್ಪಟ್ಟಿವೆ. ಯಾವ ತಿಂಗಳಲ್ಲಿ ತುಪ್ಪ ನಿಂತಿತು, ಯಾವಾಗ ಅಕ್ಕಿ ಕಡಮೆಯಾಗಿ ರಾಗಿ ಗೋಧಿಗಳು ಬಂದವು ಎಂಬುದನ್ನು ನೋಡಿದರೆ ಎರಡನೆಯ ಮಹಾಯುದ್ಧದ ಕಾಲದ ರೇಷನ್ ಪಠ್ಯಪುಸ್ತಕದ ಒಂದು ವಾಕ್ಯವಾಗಿ ಉಳಿಯದೆ ತಟ್ಟೆಯ ಮೇಲಿನ ಬದಲಾವಣೆಯಾಗಿ ಕಾಣುತ್ತದೆ. ಲೆಕ್ಕದ ಪುಸ್ತಕ, ಆತ್ಮಕಥೆ, ಗುಂಪಿನ ಚಿತ್ರ ಈ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಬೇಕೆಂಬುದು ನಮ್ಮ ಸಲಹೆ. ಅಡಿಗೆಯವನ ಮುಖ ಚಿತ್ರದಲ್ಲಿದೆ, ಸಂಬಳ ಲೆಕ್ಕದಲ್ಲಿದೆ, ಅವನು ಬಯ್ದದ್ದೋ ಗುಟ್ಟಾಗಿ ಎರಡು ಸೌಟು ಹೆಚ್ಚು ಬಡಿಸಿದ್ದೋ ಆತ್ಮಕಥೆಯಲ್ಲಿದೆ.

ಹೋಟೆಲಿನ ವಿಷಯವನ್ನು ಸಂಗ್ರಹವಾಗಿ ಹೇಳಬಹುದು. ಕಾಫಿ, ದೋಸೆ, ಉಪ್ಪಿಟ್ಟುಗಳ ಸುತ್ತ ವಿದ್ಯಾರ್ಥಿಗಳ ಸಂಜೆ ಹೊಸ ರೂಪ ತಾಳಿತು. ಕಾಸು ಕೊಟ್ಟವನಿಗೆಲ್ಲ ಬಾಗಿಲು ತೆರೆಯುವುದು ಹೋಟೆಲಿನ ಧರ್ಮವಾದರೂ, ಬ್ರಾಹ್ಮಣರಿಗೆಂದು ಪ್ರತ್ಯೇಕ ಸ್ಥಳವನ್ನು ಕಾದಿರಿಸಿದ ಹೋಟೆಲುಗಳು ಬಹುಕಾಲ ಇದ್ದವು. ಸಂವಿಧಾನದ ಹದಿನೈದನೆಯ ವಿಧಿ ಹೋಟೆಲುಗಳ ಹೆಸರನ್ನು ಎತ್ತಿಯೇ ಈ ಭೇದವನ್ನು ನಿಷೇಧಿಸಬೇಕಾಯಿತು. ನಜರಬಾದಿನ ಮೈಲಾರಿ ದೋಸೆಯ ಮೃದುತ್ವ, ಅರಮನೆಯ ಪಾಕಶಾಲೆಯಲ್ಲಿ ಹುಟ್ಟಿತೆಂದು ಪ್ರತೀತಿಯಿರುವ ಮೈಸೂರು ಪಾಕಿನ ವೃತ್ತಾಂತ ಇವು ಪ್ರವಾಸಿಗಳ ಕೈಪಿಡಿಗಳಲ್ಲಿ ದೊರೆಯುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಹಳೆಯ ಪುಸ್ತಕದ ಅಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ೨೦೧೨ರಲ್ಲಿ ಕುಸಿದು ಪ್ರಾಣಹಾನಿಯಾಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ ೨೦೧೬ರಲ್ಲಿ ಕುಸಿಯಿತು. ಊರಿನ ವಿದ್ಯಾರ್ಥಿಗಳು ತಲೆಮಾರುಗಳಿಂದ ನಡೆದಾಡಿದ ಈ ಸ್ಥಳಗಳ ಒಳಗಿನ ಚಿತ್ರಗಳನ್ನು ಕೇಳಿದರೆ ನಮಗೆ ಸಿಕ್ಕುವುದು ಬಹುತೇಕ ಹೊರಗಿನ ಕಮಾನುಗಳ ಚಿತ್ರ.

ಕಲೆಗೂ ಛಾಯಾಚಿತ್ರಕ್ಕೂ ಈ ಊರಿನಲ್ಲಿ ಬೆಳೆದ ಸಂಬಂಧವನ್ನು ಇಲ್ಲಿ ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಕ್ಯಾಮರಾ ಬಂದಮೇಲೆ ಚಿತ್ರಗಾರನ ಕಸುಬು ಹಾಳಾಯಿತೆಂಬ ಮಾತು ಸಾಮಾನ್ಯ. ಮೈಸೂರಿನ ಸಾಕ್ಷ್ಯ ಇಷ್ಟು ಸರಳವಾಗಿಲ್ಲ. ಮಕ್ಕು ಎಂಬ ಲೇಪವನ್ನು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಹಚ್ಚುವ ಸಾಂಪ್ರದಾಯಿಕ ಚಿತ್ರಕಲೆಯ ಮನೆತನಗಳಿಂದ ಬಂದ ಕಲಾವಿದರೂ ಸೇರಿ, ಅರಮನೆಯ ಕಲ್ಯಾಣಮಂಟಪದ ಗೋಡೆಗಳಿಗೆ ದಸರಾ ಮೆರವಣಿಗೆಯ ೨೬ ತೈಲಚಿತ್ರಗಳನ್ನು ೧೯೩೦–೪೦ರ ದಶಕಗಳಲ್ಲಿ ರಚಿಸಿದರು. ಇವುಗಳಿಗೆ ಆಧಾರವಾದದ್ದು ನಿಜವಾದ ಮೆರವಣಿಗೆಯ ಛಾಯಾಚಿತ್ರಗಳು. ಛಾಯಾಚಿತ್ರ ಕೊಡಲಾರದ ಬಣ್ಣವನ್ನು ಚಿತ್ರಗಾರ ಕೊಟ್ಟನು. ಚಿತ್ರಗಾರನ ಸಂಪ್ರದಾಯದಲ್ಲಿ ಇಲ್ಲದಿದ್ದ ಬೇರೆಬೇರೆ ಮುಖಗಳ ಖಚಿತತೆಯನ್ನು ಛಾಯಾಚಿತ್ರ ಕೊಟ್ಟಿತು. ನಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಆನೆ ಅಂಬಾರಿಗಳಿಗಿಂತ ಬೀದಿಯ ಬದಿಯಲ್ಲಿ ನಿಂತು ನೋಡುತ್ತಿರುವ ಜನರನ್ನು ನೋಡುವಂತೆ ಹೇಳುತ್ತೇವೆ. ಗುಂಪಿನ ಚಿತ್ರಗಳಲ್ಲಿ ಕಪ್ಪಾಗಿ ಹೋದ ಕೆಂಪು ಇಲ್ಲಿ ಕೆಂಪಾಗಿ ಇದೆ. ಎರಡನ್ನೂ ಹೋಲಿಸಿದರೆ ಮೇಲೆ ಹೇಳಿದ ರಸಾಯನದ ಪಾಠ ಒಮ್ಮೆಗೇ ಮನಸ್ಸಿಗೆ ಹತ್ತುತ್ತದೆ.

ನಿತ್ಯಜೀವನವೇ ಚಿತ್ರಕ್ಕೆ ಯೋಗ್ಯವೆಂದು ಬಗೆದ ಛಾಯಾಗ್ರಾಹಕ ಈ ಊರಿನಲ್ಲಿಯೇ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿಯೇ ಓದಿದನೆಂಬುದು ಸಂತೋಷದ ಸಂಗತಿ. ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಪತ್ರಿಕಾ ಛಾಯಾಗ್ರಾಹಕರಾಗಿ ದೇಶವನ್ನೆಲ್ಲ ಸುತ್ತಿದರು. ೧೯೭೭ರಲ್ಲಿ ಪದ್ಮಶ್ರೀ ಪಡೆದರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ ೧೯೭೯ರಲ್ಲಿ ಅವರ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಅವರ ಚಿತ್ರಗಳಲ್ಲಿ ಶಾಲೆಯ ಹುಡುಗ, ಬೀದಿಯ ಮಾರಾಟಗಾರ, ಕೆಲಸದಲ್ಲಿರುವ ಹೆಂಗಸು ಇವರು ತುದಿಯಲ್ಲಿ ನಿಲ್ಲುವುದಿಲ್ಲ, ನಡುವಿನಲ್ಲಿರುತ್ತಾರೆ. ಕ್ಯಾಮರಾಕ್ಕಾಗಿ ಸಿದ್ಧರಾಗಿಯೂ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮರಾ, ವೇಗವಾದ ಫಿಲ್ಮು ಇವು ಬಂದದ್ದರಿಂದ ಇದು ಸಾಧ್ಯವಾಯಿತೆಂಬುದು ದಿಟ. ಆದರೆ ಅದೇ ಉಪಕರಣ ಕೈಯಲ್ಲಿದ್ದ ನೂರಾರು ಜನ ಮತ್ತೆ ಕುರ್ಚಿಗಳ ಸಾಲನ್ನೇ ತೆಗೆಯುತ್ತ ಹೋದರೆಂಬುದೂ ಅಷ್ಟೇ ದಿಟ.

ಇಂದಿನ ಸ್ಥಿತಿ ಇದಕ್ಕೆ ತಲೆಕೆಳಗು. ವಿದ್ಯಾರ್ಥಿಗಳು ತಿನ್ನುವ ಮೊದಲು ದೋಸೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯುತ್ತಾರೆ. ಐವತ್ತು ವರ್ಷಗಳ ಅನಂತರ ನಮ್ಮ ಕಾಲದ ತಟ್ಟೆಯನ್ನು ಅರಿಯಬಯಸುವವನಿಗೆ ಆಕರಗಳ ಕೊರತೆ ಇರಲಾರದೆಂದು ತೋರಬಹುದು. ನಮಗೆ ಅಷ್ಟು ಧೈರ್ಯವಿಲ್ಲ. ತಟ್ಟೆಯ ಚಿತ್ರಗಳಿವೆ, ಕಾವಲಿಯ ಹಿಂದೆ ನಿಂತವನ ಚಿತ್ರ ಈಗಲೂ ವಿರಳ. ತೆಗೆದ ಚಿತ್ರಗಳಾದರೂ ಫೋನು ಕೆಟ್ಟಾಗ ಅದರೊಡನೆ ಹೋಗುತ್ತವೆ. ರಟ್ಟಿಗೆ ಅಂಟಿಸಿ ಹೆಸರು ಬರೆದ ಚಿತ್ರ ಗೆದ್ದಲಿನ ಬಾಯಿಂದಲೂ ಅರ್ಧ ಉಳಿಯುತ್ತದೆ.

ಹಳೆಯ ಚಿತ್ರಗಳ ಗತಿ ಈಗ ಅತ್ಯಂತ ಆತಂಕಕಾರಿಯಾಗಿದೆ. ಹಲವೆಡೆ ಸ್ಟುಡಿಯೋಗಳು ಮುಚ್ಚಿದಾಗ ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರಿನಲ್ಲಿ ತೊಳೆದು ಗಾಜನ್ನು ಕಟ್ಟು ಹಾಕುವವರಿಗೆ ಮಾರಿದ್ದುಂಟು. ಕಾಲೇಜುಗಳಲ್ಲಿ ಗೋಡೆಗೆ ಸುಣ್ಣ ಬಳಿಯುವಾಗ ಇಳಿಸಿದ ಚಿತ್ರಗಳು ಮತ್ತೆ ಗೋಡೆಗೆ ಏರದೆ ಮೆಟ್ಟಿಲ ಕೆಳಗಿನ ಕೋಣೆಗೆ ಸೇರುತ್ತವೆ. ಇವುಗಳಲ್ಲಿನ ಮುಖಗಳನ್ನು ಹೆಸರಿಟ್ಟು ಗುರುತಿಸಬಲ್ಲವರು 1950ರ ದಶಕದ ವಿದ್ಯಾರ್ಥಿಗಳಾದರೆ ತೊಂಬತ್ತರ ಹತ್ತಿರದವರು. ಚಿತ್ರ ಇನ್ನೂ ಇಪ್ಪತ್ತು ವರ್ಷ ತಾಳಬಹುದು, ಹೆಸರು ತಾಳದು. ಆದುದರಿಂದ ನಮ್ಮ ವಿಭಾಗದ ವಿದ್ಯಾರ್ಥಿಗಳು ಊರಿಗೆ ಹೋದಾಗ ಮೊದಲು ಮಾಡಬೇಕಾದದ್ದು ಚಿತ್ರವನ್ನು ಬೇಡುವುದಲ್ಲ, ಹಿರಿಯರ ಪಕ್ಕದಲ್ಲಿ ಕುಳಿತು ಎಡದಿಂದ ಬಲಕ್ಕೆ, ಸಾಲುಸಾಲಾಗಿ, ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು. ಹಾಗೆ ಬರೆದುಕೊಳ್ಳುವಾಗ ತುದಿಯಲ್ಲಿ ನಿಂತವರನ್ನು ಮೊದಲು ಕೇಳಬೇಕು. ಕುರ್ಚಿಯಲ್ಲಿ ಕುಳಿತವರ ಹೆಸರು ಕ್ಯಾಲೆಂಡರುಗಳಲ್ಲಿಯೂ ವರದಿಗಳಲ್ಲಿಯೂ ಹೇಗಿದ್ದರೂ ಸಿಕ್ಕುತ್ತದೆ.

ಚಿತ್ರಗಳನ್ನು ಕಾಪಾಡುವ ಬಗೆಗೆ ಒಂದೆರಡು ಮಾತು. ಹೆಸರನ್ನು ಚಿತ್ರದ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ, ಅಂಚಿನ ಬಳಿ, ಒತ್ತದೆ ಬರೆಯಬೇಕು; ಮಸಿ ಮುಂದಕ್ಕೆ ಇಳಿಯುತ್ತದೆ. ಹರಿದುದಕ್ಕೆ ಅಂಟುಪಟ್ಟಿ ಹಚ್ಚಬಾರದು, ವೃತ್ತಪತ್ರಿಕೆಯಲ್ಲಿ ಸುತ್ತಿಡಬಾರದು. ಆ ಕಾಗದದ ಆಮ್ಲ ಚಿತ್ರವನ್ನು ಹಳದಿಗೊಳಿಸುತ್ತದೆ. ಗಾಜಿನ ಫಲಕಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನಿಲ್ಲಿಸಿ ಇಡಬೇಕು. ಲೇಪವಿರುವ ಮಗ್ಗುಲನ್ನು, ಎಷ್ಟೇ ಧೂಳಿದ್ದರೂ, ಬಟ್ಟೆಯಿಂದ ಒರಸಬಾರದು. ೧೯೫೦ಕ್ಕಿಂತ ಹಿಂದಿನ ಕೆಲವು ಫಿಲ್ಮುಗಳು ಸುಲಭವಾಗಿ ಉರಿಯುವ ನೈಟ್ರೇಟಿನಿಂದ ಮಾಡಿದವು. ಜಿಗುಟಾಗಿ ಕಟುವಾಸನೆ ಬರುತ್ತಿದ್ದರೆ ಅವನ್ನು ಬೇರೆಯಾಗಿ, ತಂಪಾದ ಗಾಳಿಯಾಡುವ ಕಡೆ ಇಟ್ಟು ಬಲ್ಲವರಿಗೆ ತೋರಿಸಬೇಕು. ಮನೆಯವರು ಕೊಡಲು ಒಪ್ಪದಿದ್ದರೆ ಬಲವಂತ ಬೇಡ. ಕಿಟಕಿಯ ಬಳಿ, ನೇರ ಬಿಸಿಲು ಬೀಳದೆಡೆ, ಚಿತ್ರವನ್ನು ಚೌಕಟ್ಟಿನಿಂದ ಬಿಡಿಸದೆಯೇ ಪ್ರತಿ ತೆಗೆದುಕೊಳ್ಳಬಹುದು. ಹಾಗೆ ಮಾಡುವಾಗ ರಟ್ಟಿನ ಅಂಚನ್ನೂ ಸ್ಟುಡಿಯೋದ ಮುದ್ರೆಯನ್ನೂ ಹಿಂಬದಿಯನ್ನೂ ಬಿಡದೆ ತೆಗೆಯತಕ್ಕದ್ದು. ಮನೆಯಲ್ಲಿ ಹಳೆಯ ಲೆಕ್ಕದ ಪುಸ್ತಕವೇನಾದರೂ ಉಂಟೇ ಎಂದು ಅದೇ ಭೇಟಿಯಲ್ಲಿ ಕೇಳಿಬಿಡುವುದು ಒಳ್ಳೆಯದು.